ಮೂರು ಗೆರೆಯ ನದಿ

ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಮಂಜಪ್ಪನ ಕೈಯಲ್ಲಿ ಗೆರೆ ತುಂಡಾದದ್ದು ಒಂದೇ ಸಲ. ಅದಕ್ಕೆ ಮೆಮೊ ಬಂದಿತ್ತು. ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿಗೆ ಸೇರಿ ಆಗ ಮೂರು ವರ್ಷವಾಗಿತ್ತಷ್ಟೆ. ಟ್ರೇಸಿಂಗ್ ಹಾಳೆಯ ಮೇಲೆ ಎಳೆದ ಗೆರೆಯೊಂದರಲ್ಲಿ ಪೆನ್ನಿನ ಮಸಿ ಎರಡು ಕಡೆ ಕೈಕೊಟ್ಟಿತು, ಅವನು ಗಮನಿಸಲಿಲ್ಲ. ನಕ್ಷೆಯಲ್ಲಿ ತುಂಡು ಗೆರೆಯೆಂದರೆ ಎದುರಿಗೆ ಕಾಣದ, ಹಿಂದೆ ಮರೆಯಾಗಿರುವ ಅಂಚು ಎಂದು ಅರ್ಥ. ವರ್ಕ್‌ಶಾಪಿನವರು ಅದನ್ನೇ ನಂಬಿ ಒಂದು ಕಬ್ಬಿಣದ ಪಟ್ಟಿಯನ್ನು ಮುಂದೆ ಬೆಸೆಯುವ ಬದಲು ಹಿಂದೆ ಬೆಸೆದರು. ಅಂದಿನಿಂದ ಮಂಜಪ್ಪ ತಾನೆಳೆದ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡದೆ ಬೋರ್ಡು ಬಿಟ್ಟು ಎದ್ದವನಲ್ಲ. ಎಲ್ಲಿ ಬಿಳಿ ಕಂಡರೂ ತುಂಬುತ್ತಿದ್ದ. ಕ್ವಾರ್ಟರ್ಸಿನ ಗೇಟಿಗೆ ಬಣ್ಣ ಹೊಡೆದವನು ಬಿಟ್ಟುಹೋದ ಸಂದುಗಳನ್ನು ಭಾನುವಾರವೆಲ್ಲ ಕುಕ್ಕರುಗಾಲಲ್ಲಿ ಕುಳಿತು ತುಂಬಿದ ಆಸಾಮಿ ಅವನು.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಅವನು ಮಾಡಿದ್ದನ್ನು ಕೇಳಿದವರು ಅವನನ್ನು ಶುದ್ಧ ಪೆದ್ದ ಎಂದುಕೊಂಡಾರು. ಪೆದ್ದನಲ್ಲ. ಅವನಷ್ಟು ಎಚ್ಚರದ ಮನುಷ್ಯ ಆ ಟೌನ್‌ಶಿಪ್ಪಿನಲ್ಲೇ ಇರಲಿಲ್ಲ. ಎಚ್ಚರವೇ ಅವನನ್ನು ಹಳ್ಳಕ್ಕೆ ದೂಡಿದ್ದು.

ಎರಡು ಸಾವಿರದ ಇಸವಿಯ ಹೊತ್ತಿಗೆ ಡ್ರಾಯಿಂಗ್ ಆಫೀಸಿಗೆ ಕಂಪ್ಯೂಟರುಗಳು ಬಂದು ಇಳಿಜಾರು ಬೋರ್ಡುಗಳೆಲ್ಲ ಸ್ಟೋರು ಸೇರಿದವು. ಜೊತೆಯವರು ಮೌಸು ಹಿಡಿಯುವುದನ್ನು ಕಲಿತರು. ಮಂಜಪ್ಪನೂ ಕಲಿತ, ಆದರೆ ಅದು ಅವನಿಗೆ ಒಲಿಯಲಿಲ್ಲ. ಕೊನೆಗೆ ಉಳಿದ ಮರ್ಯಾದೆಯ ಕೆಲಸವೆಂದರೆ ನಿವೃತ್ತರಾಗುವವರ ಸನ್ಮಾನ ಪತ್ರದಲ್ಲಿ ಹೆಸರು ಬರೆಯುವುದು. ಹರಿಹರದಲ್ಲಿ ಐಟಿಐ ಓದುವಾಗ ಮೇಷ್ಟ್ರೊಬ್ಬರು ಹಟ ಹಿಡಿದು ಕಲಿಸಿದ ಇಂಗ್ಲಿಷರ ಅಕ್ಷರವಿದ್ಯೆ ಅದು. ಅಗಲ ಮೂತಿಯ ನಿಬ್ಬನ್ನು ಒಂದೇ ಓರೆಯಲ್ಲಿ ಹಿಡಿದು ಎಳೆದರೆ ಇಳಿಯುವ ಗೆರೆ ದಪ್ಪ, ಏರುವ ಗೆರೆ ಸಣ್ಣ, ತಾನೇ ತಾನಾಗಿ ಬರುತ್ತದೆ. ಮೊದಲು ಪೆನ್ಸಿಲಿನಲ್ಲಿ ಸಾಲು ಹಾಕಬೇಕು, ಅಕ್ಷರಗಳ ನಡುವಿನ ಜಾಗ ಅಳೆಯಬೇಕು, ಬರೆದು ಒಣಗಿದ ಮೇಲೆ ಅಂಚು ತಿದ್ದಬೇಕು, ಆಮೇಲೆ ಪೆನ್ಸಿಲ್ ಅಳಿಸಬೇಕು. ಮಂಜಪ್ಪಗಾರು ಹೆಸರು ಬರೆದರೆ ಪೆನ್ಷನ್ ಗಟ್ಟಿ ಎಂದು ಕಾರ್ಖಾನೆಯಲ್ಲಿ ತಮಾಷೆ ಮಾಡುತ್ತಿದ್ದರು. ಅವನು ಅದನ್ನು ಹೊಗಳಿಕೆಯೆಂದೇ ತಿಳಿದಿದ್ದ.

ಒಕುಮುರಾ ಅವರ ಕಣ್ಣಿಗೆ ಬಿದ್ದದ್ದು ಇಂಥ ಒಂದು ಪತ್ರ. ಹೊಸ ಯಂತ್ರ ಕೂರಿಸುವುದಕ್ಕೆ ಎರಡು ಸಾವಿರದ ನಾಲ್ಕರಲ್ಲಿ ಜಪಾನಿನಿಂದ ಬಂದು ಗೆಸ್ಟ್ ಹೌಸಿನಲ್ಲಿ ಎರಡು ವರ್ಷ ಇದ್ದ ಇಂಜಿನಿಯರು ಅವರು, ಮಂಜಪ್ಪನಿಗಿಂತ ಹತ್ತು ವರ್ಷ ದೊಡ್ಡವರು. ಪತ್ರವನ್ನು ಗೋಡೆಯಿಂದ ಇಳಿಸಿಕೊಂಡು, ಬರೆದವರಾರು ಎಂದು ಕೇಳುತ್ತಾ ಮಹಡಿ ಹತ್ತಿ ಬಂದರು. ಮಂಜಪ್ಪ ಏನೋ ತಪ್ಪಾಗಿದೆ ಎಂದು ಎದ್ದು ನಿಂತ. ಅವರು ಬಾಗಿ ನಮಸ್ಕಾರ ಮಾಡಿದರು. ಇವನೂ ಬಾಗಿದ. ಇಬ್ಬರದೂ ಮುರುಕು ಇಂಗ್ಲಿಷು, ಹಾಗಾಗಿ ಜಗಳಕ್ಕೆ ಆಸ್ಪದವೇ ಇರಲಿಲ್ಲ.

ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಗೆಸ್ಟ್ ಹೌಸಿನ ವರಾಂಡದಲ್ಲಿ ಇಬ್ಬರೂ ಕೂರತೊಡಗಿದರು. ಒಕುಮುರಾ ಕಲ್ಲಿನ ಮೇಲೆ ಮಸಿ ತೇಯ್ದು, ಕುಂಚವನ್ನು ನೆಟ್ಟಗೆ ಹಿಡಿದು, ಮೊಣಕೈಯನ್ನು ಗಾಳಿಯಲ್ಲಿಟ್ಟು ಬರೆಯುತ್ತಿದ್ದರು. ಪೆನ್ಸಿಲಿಲ್ಲ, ಅಳತೆಯಿಲ್ಲ, ರಬ್ಬರಂತೂ ಇಲ್ಲವೇ ಇಲ್ಲ. ಮಂಜಪ್ಪ ಕುಂಚ ಹಿಡಿದರೆ ಹಾಳೆಯ ಮೇಲೆ ಗುಪ್ಪೆ ಬೀಳುತ್ತಿತ್ತು. ಅವರು ನಿಬ್ಬು ಹಿಡಿದರೆ ಹಾಳೆ ಹರಿಯುತ್ತಿತ್ತು. ಕೊನೆಗೆ ಒಪ್ಪಂದವಾಯಿತು. ಮೇಲೆ ಅವರ ಕುಂಚದ ಒಂದು ದೊಡ್ಡ ಅಕ್ಷರ, ಕೆಳಗೆ ಇವನ ನಿಬ್ಬಿನ ಮೂರು ಸಾಲು. ಬೆಂಕಿ ಎಂದು ಅವರು ಬರೆದರೆ ಅದರ ಕೆಳಗೆ ಇವನು ಕುಲುಮೆ, ಒಲೆ, ಸೂರ್ಯ ಎಂದು ಇಂಗ್ಲಿಷಿನಲ್ಲಿ ಬರೆದ. ಕ್ಯಾಂಟೀನಿನ ಗೋಡೆಗೂ ಆಡಿಟೋರಿಯಮ್ಮಿನ ಬಾಗಿಲಿಗೂ ಅಂಥ ಹಾಳೆಗಳು ಏರಿದವು. ಅವೆಲ್ಲ ದೂರದಿಂದ ಕಾಣಲೆಂದು ಬರೆದ ತುಂಬು ಮಸಿಯ, ಗುಂಡುಕಲ್ಲಿನಂಥ ಅಕ್ಷರಗಳು. ಒಕುಮುರಾ ಬರೆದದ್ದನ್ನು ಎಂದೂ ತಿದ್ದಲಿಲ್ಲ. ಅವರ ಕೈ ಅಷ್ಟು ಗಟ್ಟಿ, ತಿದ್ದುವ ಅಗತ್ಯವೇ ಬೀಳುವುದಿಲ್ಲ ಎಂದು ಮಂಜಪ್ಪ ತಿಳಿದ. ತಿದ್ದಲೇಬಾರದೆಂಬ ಕಟ್ಟಳೆಯೊಂದು ಇದ್ದೀತೆಂದು ಅವನ ತಲೆಗೆ ಹೊಳೆಯಲಿಲ್ಲ, ಅವರೂ ಹೇಳಲಿಲ್ಲ. ಬೆಂಕಿ ಸುಡುತ್ತದೆ ಎಂದು ಯಾರಾದರೂ ಇಂಜಿನಿಯರಿಗೆ ಹೇಳಿಕೊಡುತ್ತಾರೆಯೇ?

ಒಕುಮುರಾ ಊರಿಗೆ ಹೋದ ಮರುವರ್ಷ, ಮಂಜಪ್ಪನ ಮಗಳು ಧನ್ಯಾಳ ಮನೆಯಲ್ಲಿ ಇಂಥ ಒಂದು ಹಾಳೆಯನ್ನು ಪ್ರಾರ್ಥನಾ ಎಂಬ ಹುಡುಗಿ ನೋಡಿದಳು. ಧನ್ಯಾಳ ಗಂಡ ವಿಜಯವಾಡದಲ್ಲಿ ಬ್ಯಾಂಕ್ ಅಧಿಕಾರಿ, ಮನೆ ಭವಾನಿಪುರಂನಲ್ಲಿ. ಪ್ರಾರ್ಥನಾ ಪಕ್ಕದ ಮನೆಯವಳು. ಅವಳ ತಂದೆ ಬಳ್ಳಾರಿಯಿಂದ ವರ್ಗವಾಗಿ ಬಂದು ಅಲ್ಲೇ ಉಳಿದ ಬ್ಯಾಂಕ್ ಗುಮಾಸ್ತರು. ಚಿತ್ರಕಲೆ ಓದಿಕೊಂಡಿದ್ದ ಅವಳು ಗವರ್ನರ್‌ಪೇಟೆಯಲ್ಲಿ ಒಂದು ಸ್ಟೇಷನರಿ ಅಂಗಡಿಯ ಮೇಲಿನ ಹಾಲ್ ಬಾಡಿಗೆಗೆ ಹಿಡಿದು ಪ್ರದರ್ಶನಗಳನ್ನು ಇಡುತ್ತಿದ್ದಳು. ಕುಂಚವೂ ನಿಬ್ಬೂ ಒಂದೇ ಹಾಳೆಯಲ್ಲಿ ಕೂತಿರುವುದನ್ನು ಎಲ್ಲೂ ನೋಡಿಲ್ಲವೆಂದು ಹಟ ಹಿಡಿದು ಅವಳೇ ಜಪಾನಿಗೆ ಇಮೇಲ್ ಕಳಿಸಿದಳು. ಎರಡು ಸಾವಿರದ ಎಂಟರ ಜನವರಿಗೆ ಪ್ರದರ್ಶನದ ದಿನವೂ ನಿಗದಿಯಾಯಿತು.

ಅಕ್ಟೋಬರಿನಲ್ಲಿ ಮಂಜಪ್ಪನ ಕ್ವಾರ್ಟರ್ಸಿಗೆ ರಟ್ಟಿನ ಕೊಳವೆಯೊಂದು ಬಂತು. ಒಳಗೆ ಏಳು ಹಾಳೆ, ಒಂದು ಚೀಟಿ. ಚೀಟಿಯಲ್ಲಿ ಹೀಗಿತ್ತು: "ಏಳು ಬರೆದಿದ್ದೇನೆ. ನನ್ನ ಕೈ ನಡುಗುತ್ತಿದೆ, ಡಾಕ್ಟರು ವಾಸಿಯಾಗುವುದಿಲ್ಲ ಎನ್ನುತ್ತಾರೆ. ಇವೇ ಕೊನೆ. ಕೆಳಗೆ ನೀನು ಬರೆ. ನಾನು ಬಂದು ಎಲ್ಲರೆದುರು ಮುದ್ರೆ ಒತ್ತುತ್ತೇನೆ." ಕೆಂಪು ಮುದ್ರೆ ಬಿದ್ದ ಮೇಲೆಯೇ ಆ ಹಾಳೆ ಬರೆದವರದು ಎಂದು ಲೆಕ್ಕ. ಅದು ಅವರ ಕಡೆಯ ಪದ್ಧತಿ, ಮಂಜಪ್ಪನಿಗೆ ಗೊತ್ತಿತ್ತು. ಚೀಟಿಯನ್ನು ಅವನು ಮೂರು ಸಲ ಓದಿದ. ಇನ್ನೊಂದು ಪ್ರತಿ ಎಂಬುದು ಇನ್ನು ಈ ಲೋಕದಲ್ಲಿ ಇಲ್ಲ ಎಂದು ನೆನೆದಾಗ ಹಾಳೆ ಮುಟ್ಟಲೂ ಭಯವಾಯಿತು.

ಆರು ಹಾಳೆಗಳಲ್ಲಿ ಎಂದಿನ ತುಂಬು ಮಸಿ. ಏಳನೆಯದು ನದಿ. ಅವರ ಲಿಪಿಯಲ್ಲಿ ನದಿಗೆ ಮೂರೇ ಗೆರೆ, ಮೂರೂ ಮೇಲಿನಿಂದ ಕೆಳಕ್ಕೆ. ಮೊದಲನೆಯದು ಕೆಳಗೆ ಕೊಂಚ ಎಡಕ್ಕೆ ವಾಲುತ್ತದೆ, ನಡುವಿನದು ಗಿಡ್ಡ, ಕೊನೆಯದು ಉದ್ದ. ಆ ಕೊನೆಯ ಗೆರೆ ಅರ್ಧ ದಾರಿಯಲ್ಲೇ ಮಸಿ ಮುಗಿದು, ಉದ್ದುದ್ದಕ್ಕೆ ಬಿರುಕು ಬಿಟ್ಟು, ಒಳಗಿನ ಬಿಳಿ ಹಾಳೆ ಹತ್ತೊಂಬತ್ತು ಕಡೆ ಇಣುಕುತ್ತಿತ್ತು. ಹತ್ತೊಂಬತ್ತು ಎಂದು ಅವನು ಎಣಿಸಿದ್ದ.

ಅಯ್ಯೋ, ಎಂಥ ಕೈ, ಕೊನೆಯ ಹಾಳೆಯಲ್ಲಿ ಹೀಗೆ ಸೋತುಹೋಯಿತಲ್ಲ. ಪಾಪ, ಕುಂಚ ಅದ್ದುವುದಕ್ಕೂ ಆಗಲಿಲ್ಲವೇನೋ. ನಾಳೆ ಹತ್ತು ಜನ ಬಂದು ಇದರ ಎದುರು ನಿಂತು, ಮುದುಕನಿಗೆ ಶಕ್ತಿ ಸಾಲದು ಎಂದರೆ? ಸ್ನೇಹಿತನ ದೌರ್ಬಲ್ಯವನ್ನು ನಾಲ್ಕು ಜನರ ಮುಂದೆ ನೇತುಹಾಕುವುದು ಅವನಿಗೆ ಸಾಧ್ಯವಿರಲಿಲ್ಲ.

ಒಕುಮುರಾ ಬಿಟ್ಟುಹೋಗಿದ್ದ ಅದೇ ಮಸಿ, ಎರಡೆಳೆ ಕೂದಲಿನ ಕುಂಚ, ಭೂತಗನ್ನಡಿ. ನಾಲ್ಕು ದಿನ ರಜೆ ಹಾಕಿದ. ಹಾಳೆ ಮಸಿ ಹೀರುವ ಜಾತಿಯದು, ಸ್ವಲ್ಪ ಹೆಚ್ಚಾದರೂ ಹರಡುತ್ತದೆ. ಒಂದೊಂದು ಬಿಳಿಯನ್ನೂ ಚುಕ್ಕಿ ಚುಕ್ಕಿಯಾಗಿ ತುಂಬಿದ. ಉಸಿರು ಬಿಟ್ಟರೆ ಕೈ ಅಲುಗೀತೆಂದು ಉಸಿರನ್ನೂ ಬಿಗಿಹಿಡಿದ.

"ಊಟಕ್ಕೆ ಬರ್ತೀರೋ, ಅಲ್ಲೇ ಮಸಿ ಕುಡೀತೀರೋ?" ಎಂದು ಹೆಂಡತಿ ರತ್ನಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ಸುಮ್ಕಿರು ಮಾರಾಯ್ತಿ. ಇನ್ನಾರೇ ಐತೆ."

ಐದನೆಯ ದಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಅವನಿಗೇ ಯಾವುದು ತನ್ನದು, ಯಾವುದು ಅವರದು ಎಂದು ಹುಡುಕಬೇಕಾಯಿತು. ಕೆಳಗೆ ನಿಬ್ಬಿನಲ್ಲಿ ಮೂರು ನದಿಗಳ ಹೆಸರು ಬರೆದ: ತನ್ನ ಊರಿನ ತುಂಗಭದ್ರಾ, ಪ್ರದರ್ಶನದ ಊರಿನ ಕೃಷ್ಣಾ, ಒಕುಮುರಾ ಊರಿನ ಕುಮಾ. ಇಷ್ಟು ಚೆನ್ನಾಗಿ ತಾನು ಏನನ್ನೂ ಮಾಡಿಲ್ಲ ಅನ್ನಿಸಿತು. ನಿಜ ಹೇಳಬೇಕೆಂದರೆ, ತುಂಬಾ ಖುಷಿಯಾಯಿತು.

ಜನವರಿಯಲ್ಲಿ, ಪ್ರದರ್ಶನದ ಹಿಂದಿನ ದಿನವೇ ಊರಲ್ಲಿರಬೇಕೆಂದು, ಗಂಡ ಹೆಂಡತಿ ಮಧ್ಯಾಹ್ನದ ರತ್ನಾಚಲ್ ರೈಲು ಹತ್ತಿ ವಿಜಯವಾಡಕ್ಕೆ ಬಂದರು. ಮರುದಿನ ಬೆಳಿಗ್ಗೆ ಮಗಳ ಮನೆಯಲ್ಲಿ ತಿಂಡಿ ತಿಂದು, ಕೊಳವೆಯನ್ನು ತೊಡೆಯ ಮೇಲಿಟ್ಟುಕೊಂಡು, ಆಟೋದಲ್ಲಿ ಗವರ್ನರ್‌ಪೇಟೆಗೆ ಹೋದರು. ಸಮಾರಂಭ ಸಂಜೆ ನಾಲ್ಕಕ್ಕೆ. ಒಕುಮುರಾ ಮೂರೂವರೆಗೆ ಹೋಟೆಲಿನಿಂದ ನೇರ ಬರುವವರಿದ್ದರು.

ಪ್ರಾರ್ಥನಾ ಹಾಳೆಗಳನ್ನು ಉದ್ದನೆಯ ಮೇಜಿನ ಮೇಲೆ ಹರಡಿ, ಅಚ್ಚಾದ ಕರಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೇ ತಾಳೆ ನೋಡುತ್ತಿದ್ದಳು. ಹಾಳೆ ಕಳಿಸುವ ಮೊದಲು ಒಕುಮುರಾ ಅವರ ಮಗ ತೆಗೆದ ಫೋಟೋಗಳು ಕರಪತ್ರದಲ್ಲಿದ್ದವು. ನದಿಯ ಹತ್ತಿರ ಬಂದು ಅವಳು ನಿಂತಳು. ಕರಪತ್ರ ನೋಡಿದಳು, ಹಾಳೆ ನೋಡಿದಳು, ಮತ್ತೆ ಕರಪತ್ರ ನೋಡಿದಳು.

"ಅಂಕಲ್, ಒಕ್ಕ ನಿಮಿಷಂ. ಇದು ಒರಿಜಿನಲ್ ಅಲ್ಲ ಕದಾ?" ಎಂದಳು ತನ್ನ ತೆಲುಗು ಬೆರೆತ ಕನ್ನಡದಲ್ಲಿ.

"ಏನಮ್ಮ?"

"ಇದು ನೀವು ಟ್ರೇಸ್ ಮಾಡಿರೋ ಕಾಪಿ. ಒರಿಜಿನಲ್ ಮನೇಲಿ ಇಟ್ಟಿದೀರಾ? ಪರವಾಲೇದು, ಸೇಫ್ಟಿಗೆ ಇಟ್ಟಿರ್ತೀರಿ. ಆದ್ರೆ ಅವರು ಬಂದು ಕಾಪಿ ಮೇಲೆ ಸೀಲ್ ಒತ್ತಲ್ಲ ಅಂಕಲ್."

ಮಂಜಪ್ಪನಿಗೆ ಕಪಾಳಕ್ಕೆ ಹೊಡೆದಂತಾಯಿತು. ಇಷ್ಟು ವರ್ಷ ಬೇರೆಯವರ ನಕ್ಷೆ ನಕಲು ಮಾಡಿದ್ದು ಹೌದು, ಆದರೆ ನಕಲನ್ನು ಅಸಲೆಂದು ಕೊಟ್ಟವನಲ್ಲ. ಧ್ವನಿ ಏರಿತು. "ಇದೇ ಒರಿಜಿನಲ್ ಕಣಮ್ಮ. ಮಸಿ ಅಲ್ಲಲ್ಲಿ ಬಿಟ್ಟುಹೋಗಿತ್ತು. ನಾನು ರಿಪೇರಿ ಮಾಡೀನಿ, ಅಷ್ಟೇ."

ಪ್ರಾರ್ಥನಾ ಕರಪತ್ರ ಕೆಳಗಿಟ್ಟಳು. ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತುಬಿಟ್ಟಳು. ನಕಲೆಂದುಕೊಂಡಾಗ ಸರಾಗವಾಗಿ ಮಾತಾಡಿದವಳು ಅಸಲೆಂದು ತಿಳಿದ ಮೇಲೆ ಯಾಕೆ ಹೀಗೆ ಮಂಕಾದಳು ಎಂದು ಮಂಜಪ್ಪನಿಗೆ ಅರ್ಥವಾಗಲಿಲ್ಲ.

"ಅದು ಬಿಟ್ಟುಹೋಗಿದ್ದಲ್ಲ ಅಂಕಲ್," ಎಂದಳು ಕೊನೆಗೆ. "ಅದೇ ಬೇಕು. ಕುಂಚ ಒಣಗ್ತಾ ಓಡತ್ತಲ್ಲ, ಆಗ ಬರೋ ಬಿಳಿ ಅದು. ಎಲ್ಲಿ ಸ್ಪೀಡ್ ಆದ್ರು, ಎಲ್ಲಿ ಉಸಿರು ಬಿಟ್ರು, ಅದರಲ್ಲೇ ಗೊತ್ತಾಗೋದು. ಅದಕ್ಕೋಸ್ಕರ ಜೀವಮಾನ ಪ್ರಾಕ್ಟೀಸ್ ಮಾಡ್ತಾರೆ."

"ಹಂಗಾದ್ರೆ ಈ ಆರರಲ್ಲಿ ಬಿಳಿ ಇಲ್ಲ. ಇವು ಸರಿಯಿಲ್ವೇನು?"

"ಅವೂ ಸರೀನೇ."

"ಅದೂ ಸರಿ, ಇದೂ ಸರಿ ಅಂದ್ರೆ ತಪ್ಪು ಯಾವುದಮ್ಮ?"

"ತಿದ್ದೋದು, ಅಂಕಲ್."

ಮಂಜಪ್ಪ ಹಾಳೆಯನ್ನೇ ನೋಡುತ್ತಾ ನಿಂತ. ಕೆಳಗೆ ತಾನು ಬರೆದ ತುಂಗಭದ್ರೆಯ ಒಂದೊಂದು ಅಕ್ಷರದ ಅಂಚನ್ನೂ ತಿದ್ದಿದ್ದ. ಅದು ಶ್ರದ್ಧೆ. ಅದಕ್ಕಿಂತ ಒಂದು ಗೇಣು ಮೇಲೆ ತಿದ್ದಿದರೆ ಅದು ಅಪರಾಧ. ಒಂದೇ ಹಾಳೆ, ಮೇಲೊಂದು ರಾಜ್ಯ, ಕೆಳಗೊಂದು ರಾಜ್ಯ, ನಡುವೆ ಒಂದು ಚೆಕ್‌ಪೋಸ್ಟ್ ಕೂಡ ಇಲ್ಲ. ತಲೆಬುಡ ತಿಳಿಯಲಿಲ್ಲ. ಮಸಿ ಇಲ್ಲದ ಕಡೆ ಮಸಿ ಹಾಕಿದರೆ ಏನು ಕಳೆದುಹೋಗುತ್ತದೆ? ಇದ್ದದ್ದೆಲ್ಲ ಇದ್ದಲ್ಲೇ ಇದೆಯಲ್ಲ? ಹೀಗೆ ವಾದ ಹೂಡುತ್ತಲೇ ಕರಪತ್ರದ ಫೋಟೋ ಎತ್ತಿಕೊಂಡು ನೋಡಿದ. ಅಂಗೈಯಗಲದ ಆ ಚಿತ್ರದಲ್ಲಿ ಕೊನೆಯ ಗೆರೆ ಸರ್ರನೆ ಇಳಿದು ಹೋಗುತ್ತಿತ್ತು. ಮೇಜಿನ ಮೇಲಿದ್ದ ಗೆರೆ ಅಲ್ಲೇ ನಿಂತಿತ್ತು. ಅವನು ಕರಪತ್ರವನ್ನು ಮಗುಚಿಟ್ಟ. ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆಯನ್ನು ಅವನು ಬೇರೆಯವರ ಮೇಲೆ ಎಷ್ಟು ಸಲ ಹೇಳಿ ನಕ್ಕಿದ್ದನೋ.

"ತೆಗೆದುಬಿಡೋಕೆ ಬರುತ್ತಾ?" ಎಂದು ಕೇಳಿದ.

"ಹಾಳೆ ಕುಡಿದುಬಿಟ್ಟಿದೆ ಅಂಕಲ್. ಬರಲ್ಲ."

ರತ್ನಮ್ಮ ಇಷ್ಟು ಹೊತ್ತು ಫ್ಯಾನಿನ ಕೆಳಗೆ ಕುಳಿತು ಕೇಳುತ್ತಿದ್ದವಳು ಈಗ ಬಾಯಿ ಹಾಕಿದಳು. "ಹೇಳೋದ್ಯಾಕೆ? ನೋಡಿದ್ರೆ ಗೊತ್ತಾಗಲ್ಲ ಅಂತ ಅವತ್ತು ಮನೇಲಿ ನೀವೇ ಅಂದ್ರಿ. ಪಾಪ, ವಯಸ್ಸಾದೋರು, ಮೈ ಸರಿಯಿಲ್ಲ, ಸಮುದ್ರ ದಾಟಿ ಬರ್ತಾ ಇದಾರೆ. ಸಂತೋಷವಾಗಿ ಒತ್ತಿಬಿಟ್ಟು ಹೋಗ್ಲಿ."

ಪ್ರಾರ್ಥನಾಳೂ ಯೋಚಿಸಿ ಅದನ್ನೇ ಹೇಳಿದಳು. ಕರಪತ್ರಗಳನ್ನು ಎತ್ತಿಟ್ಟುಬಿಡುತ್ತೇನೆ, ಹಂಚುವುದಿಲ್ಲ. ಇಷ್ಟು ಜನರೆದುರು ಅವರಿಗೆ ಆಘಾತ ಯಾಕೆ ಎಂದಳು. ಅವಳ ಮಾತಿನಲ್ಲಿ ಹಾಲಿನ ಮರ್ಯಾದೆಯ ಚಿಂತೆಯೂ ಇತ್ತು, ಕರುಣೆಯೂ ಇತ್ತು. ಯಾವುದು ಎಷ್ಟು ಎಂದು ಅವಳಿಗೇ ಗೊತ್ತಿರಲಿಕ್ಕಿಲ್ಲ.

ಮಂಜಪ್ಪ ಹೂಂ ಅಂದ. ಮಧ್ಯಾಹ್ನ ಹತ್ತಿರದ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಹೇಳುವುದು ಬೇಡ ಎಂದುಕೊಂಡ. ಅನ್ನಕ್ಕೆ ಬೇಳೆಯ ಪಪ್ಪು ಕಲಸಿಕೊಂಡಾಗ ಹೇಳಬೇಕು ಎಂದುಕೊಂಡ. ಮಜ್ಜಿಗೆಯ ಹೊತ್ತಿಗೆ ಮತ್ತೆ ಬೇಡವಾಯಿತು. ಹೇಳಿದರೆ ಆ ಮನುಷ್ಯನ ಕೊನೆಯ ಹಾಳೆ ಹಾಳಾಯಿತೆಂದು ಅವರಿಗೆ ತಿಳಿಯುತ್ತದೆ. ಹೇಳದಿದ್ದರೆ ಮಂಜಪ್ಪನ ಗೆರೆಯ ಮೇಲೆ ಒಕುಮುರಾ ಮುದ್ರೆ ಬೀಳುತ್ತದೆ. ಮೊದಲನೆಯದು ಕ್ರೌರ್ಯ, ಎರಡನೆಯದು ಮೋಸ. ಎರಡರ ಮೇಲೂ ಸ್ನೇಹವೆಂದೇ ಹೆಸರು ಬರೆಯಬಹುದಿತ್ತು.

ಮೂರೂವರೆಗೆ ಸರಿಯಾಗಿ ಒಕುಮುರಾ ಮೆಟ್ಟಿಲು ಹತ್ತಿ ಬಂದರು. ಸೊರಗಿದ್ದರು. ವಿಜಯವಾಡದ ಸೆಕೆಯಲ್ಲೂ ಕೋಟು ಹಾಕಿ ಬಲಗೈಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದರು. ಮಂಜಪ್ಪನನ್ನು ಕಂಡದ್ದೇ ಬಾಗಿದರು, ಆಮೇಲೆ ಆ ಪದ್ಧತಿ ಸಾಲದೆಂದು ಎಡಗೈಯಿಂದಲೇ ಅವನ ಭುಜ ಹಿಡಿದುಕೊಂಡರು. "ನಿನ್ನ ಅಕ್ಷರ ನೋಡಬೇಕು," ಎಂದರು. ರತ್ನಮ್ಮನಿಗೆ ಕೈ ಮುಗಿದು, ಕಲಿತಿದ್ದ ಒಂದೇ ಕನ್ನಡ ಮಾತು ಆಡಿದರು. "ಚೆನ್ನಾಗಿದೀರಾ?"

ನಾಲ್ಕಕ್ಕೆ ಮೂವತ್ತು ನಲವತ್ತು ಜನ ಸೇರಿದರು. ಧನ್ಯಾ, ಅವಳ ಗಂಡ, ಬ್ಯಾಂಕಿನವರು, ಇಬ್ರಾಹಿಂಪಟ್ನಂ ವಿದ್ಯುತ್ ಸ್ಥಾವರದಿಂದ ಬಂದ ಕನ್ನಡದ ಎರಡು ಸಂಸಾರ, ಪ್ರಾರ್ಥನಾಳ ಶಿಷ್ಯರು. ಮುದ್ರೆ ಒತ್ತಿದ ಮೇಲೆ ಹಾಳೆಯನ್ನು ಗೋಡೆಗೆ ಹಾಕುವುದೆಂದು ಏರ್ಪಾಡಾಗಿತ್ತು. ಒಕುಮುರಾ ಪುಟ್ಟ ಪೆಟ್ಟಿಗೆ ತೆರೆದು, ಎಡಗೈಯಲ್ಲಿ ಮುದ್ರೆ ತೆಗೆದು, ಕೆಂಪು ಬಣ್ಣಕ್ಕೆ ಒತ್ತಿ, ಮೊದಲ ಹಾಳೆಯ ಮೂಲೆಗೆ ಇಟ್ಟರು. ಚಪ್ಪಾಳೆ ಬಿತ್ತು. ಎರಡನೆಯದು, ಮೂರನೆಯದು. ಒಂದೊಂದರಲ್ಲೂ ಅವರು ನೋಡಿದ್ದು ಮಂಜಪ್ಪನ ನಿಬ್ಬಿನ ಸಾಲುಗಳನ್ನೇ, ತಮ್ಮ ಅಕ್ಷರದ ಕಡೆ ಹೆಚ್ಚು ಕಣ್ಣು ಹಾಯಿಸಲಿಲ್ಲ. ಐದು. ಆರು.

ಏಳನೆಯದರ ಎದುರು ಬಂದು ಅವರು ಬಾಗಿದರು. ಬಾಗಿದವರು ಹಾಗೇ ಉಳಿದರು. ಅಷ್ಟರಲ್ಲೇ ಅವರಿಗೆ ಗೊತ್ತಾಗಿತ್ತೋ, ಇಲ್ಲ ನದಿಗಳ ಹೆಸರು ಓದುತ್ತಿದ್ದರೋ, ಮಂಜಪ್ಪನಿಗೆ ಇಂದಿಗೂ ತಿಳಿಯದು. ಎಡಗೈ ಮೇಲೆದ್ದಿತು. ಮುದ್ರೆ ಹಾಳೆಗೆ ಇನ್ನೇನು ತಾಕಬೇಕು, ಮಂಜಪ್ಪ ಮೇಜಿನ ಈಚೆಯಿಂದ ಕೈ ಚಾಚಿ ಅವರ ಮಣಿಕಟ್ಟು ಹಿಡಿದುಬಿಟ್ಟ.

"ಸರ್, ಬೇಡ. ಇದರಲ್ಲಿ ನಾನು ಮಸಿ ತುಂಬಿದ್ದೇನೆ."

"ಎಲ್ಲಿ?"

ಮಂಜಪ್ಪ ಕಿರುಬೆರಳಿನಿಂದ ತೋರಿಸಿದ. ಇಲ್ಲಿ ಸರ್. ಇಲ್ಲಿ. ಇಲ್ಲಿ ಉದ್ದಕ್ಕೆ. ಒಂದನ್ನೂ ಬಿಡಲಿಲ್ಲ. ಹತ್ತೊಂಬತ್ತೂ ತೋರಿಸಿದ. ಏನಾಗುತ್ತಿದೆ ಎಂದು ಗೊತ್ತಾಗದೆ ಹಿಂದೆ ನಿಂತವರು ಕತ್ತು ಚಾಚಿದರು. ಒಕುಮುರಾ ಮುದ್ರೆಯ ಕೆಂಪನ್ನು ಕಾಗದದ ಚೂರಿನಿಂದ ನಿಧಾನವಾಗಿ ಒರೆಸಿದರು, ಪೆಟ್ಟಿಗೆಯಲ್ಲಿಟ್ಟರು, ಮುಚ್ಚಳ ಹಾಕಿದರು. ಪ್ರಾರ್ಥನಾ ಗಾಬರಿಯಲ್ಲಿ ಎಲ್ಲರೂ ಟೀ ತಗೋಬೇಕೆಂದು ತೆಲುಗಿನಲ್ಲಿ ಹೇಳಿದಳು. ಜನ ಬದುಕಿದೆವು ಎಂದು ಟೀ ಕಡೆ ಸರಿದರು.

ಮೇಜಿನ ಹತ್ತಿರ ಇಬ್ಬರೇ ಉಳಿದರು. ಒಕುಮುರಾ ಕುರ್ಚಿ ಎಳೆದುಕೊಂಡು ಕುಳಿತರು. ಮಂಜಪ್ಪ ನಿಂತೇ ಇದ್ದ.

"ಯಾಕೆ?" ಎಂದು ಕೇಳಿದರು.

"ನಿಮ್ಮ ಕೈ ಸೋತದ್ದು ಯಾರಿಗೂ ಕಾಣಬಾರದು ಅಂತ."

ಒಕುಮುರಾ ಗೋಡೆಗೆ ಹಾಕಲೆಂದು ಸಾಲಾಗಿಟ್ಟಿದ್ದ ಆರು ಹಾಳೆಗಳ ಕಡೆ ಗಲ್ಲ ತಿರುಗಿಸಿದರು. ಅವರ ಇಂಗ್ಲಿಷು ಮೊದಲೇ ಮುರುಕು, ಈಗ ಇನ್ನಷ್ಟು ಚೂರಾಗಿತ್ತು.

"ಆ ಆರು. ಕೈ ನಡುಗಿತು. ಮಸಿ ಜಾಸ್ತಿ ತೆಗೆದುಕೊಂಡೆ. ನಿಧಾನ ಬರೆದೆ. ನಡುಕ ಮುಚ್ಚಿದೆ." ಬೆರಳನ್ನು ನದಿಯ ಕೊನೆಯ ಗೆರೆಯ ಮೇಲೆ, ಹಾಳೆಗೆ ತಾಗದಂತೆ ಇಳಿಸಿದರು. "ಇದು ಬೆಳಿಗ್ಗೆ. ಎದ್ದ ತಕ್ಷಣ. ಕೈ ನಡುಗಲಿಲ್ಲ. ಒಂದೇ ಉಸಿರು. ಇದೊಂದೇ ನಡುಗಲಿಲ್ಲ."

ಯಾವ ಹಾಳೆಗಳನ್ನು ಮಂಜಪ್ಪ ಗಟ್ಟಿ ಕೈಯ ಸಾಕ್ಷಿಯೆಂದು ಮೆಚ್ಚಿದ್ದನೋ ಅವುಗಳಲ್ಲಿ ನಡುಕ ಅಡಗಿತ್ತು. ಯಾವುದನ್ನು ಸೋಲೆಂದು ಮುಚ್ಚಿದ್ದನೋ ಅದೊಂದೇ ಗೆದ್ದದ್ದು. ಅದನ್ನೇ ಹುಡುಕಿ, ಭೂತಗನ್ನಡಿ ಹಿಡಿದು, ರಜೆ ಹಾಕಿ, ಊಟ ಬಿಟ್ಟು ಮುಗಿಸಿದ್ದ. ಕಣ್ಣಲ್ಲಿ ನೀರು ಬಂತು. ಐವತ್ತಾರರ ಗಂಡಸು, ಅಳಿಯನ ಎದುರು, ಬ್ಯಾಂಕಿನವರ ಎದುರು ಅಳಬಾರದೆಂದು ಹಲ್ಲು ಕಚ್ಚಿದರೂ ನಿಲ್ಲಲಿಲ್ಲ.

"ಎಷ್ಟು ದಿನ?" ಎಂದರು ಒಕುಮುರಾ.

"ಏನು ಸರ್?"

"ತುಂಬಿದ್ದು. ಎಷ್ಟು ದಿನ?"

"ನಾಲ್ಕು."

"ನಾಲ್ಕು ದಿನ," ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಅವರ ಮೂಗಿನಿಂದ ಸಣ್ಣ ಸದ್ದು ಹೊರಟಿತು, ನಗೆಯೋ ನಿಟ್ಟುಸಿರೋ ಹೇಳುವುದು ಕಷ್ಟ. ಪ್ರಾರ್ಥನಾಳನ್ನು ಕರೆದು, ಇದಕ್ಕೆ ಮುದ್ರೆ ಇಲ್ಲ, ಆದರೆ ಗೋಡೆಗೆ ಹಾಕು ಎಂದರು. ಯಾರ ಹೆಸರು ಬರೆಯಲಿ ಎಂದು ಅವಳು ಕೇಳಿದ್ದಕ್ಕೆ ತಲೆಯಾಡಿಸಿದರು. ಯಾರದೂ ಬೇಡವೆಂದೋ, ಗೊತ್ತಿಲ್ಲವೆಂದೋ, ಅವಳೂ ಮತ್ತೆ ಕೇಳಲಿಲ್ಲ.

"ಸರ್," ಎಂದ ಮಂಜಪ್ಪ ಮೂಗೊರೆಸಿಕೊಂಡು, "ನಿಮಗೆ ಕೋಪ ಬಂದಿದೆಯಾ?"

"ಹೌದು. ತುಂಬಾ."

ಹಾಗೆಂದು ಅವರು ಬಂದಾಗಿನಿಂದ ಜೇಬಿನಲ್ಲೇ ಇದ್ದ ಬಲಗೈಯನ್ನು ಹೊರಗೆ ತೆಗೆದರು. ಅದು ಎಡೆಬಿಡದೆ ಅದುರುತ್ತಿತ್ತು. ಯಾರು ನೋಡುತ್ತಾರೆ ಎಂದು ಸುತ್ತ ನೋಡಲೂ ಇಲ್ಲ, ಆ ಕೈಯನ್ನು ಎಲ್ಲರ ಎದುರೇ ಮಂಜಪ್ಪನ ಕೈಯ ಮೇಲೆ ಇಟ್ಟು ಬೆರಳುಗಳನ್ನು ಬಿಗಿದರು. ಇವನ ಕೈಯೂ ಅದರೊಂದಿಗೆ ನಡುಗತೊಡಗಿತು. ಬಿಡಿಸಿಕೊಳ್ಳಬೇಕೋ, ಹಿಡಿದುಕೊಳ್ಳಬೇಕೋ ತಿಳಿಯದೆ ಅವನು ಸುಮ್ಮನೆ ನಿಂತ.

ರತ್ನಮ್ಮ ಎರಡು ಲೋಟ ಟೀ ಹಿಡಿದು ಬಂದಳು. ಇಬ್ಬರ ಮುಖ ನೋಡಿದಳು, ಕೈ ನೋಡಿದಳು, ಲೋಟಗಳನ್ನು ಮೇಜಿನ ತುದಿಗಿಟ್ಟು ಗಂಡನ ಕಿವಿಯ ಹತ್ತಿರ ಬಾಗಿದಳು.

"ಏನಂತಾರ್ರೀ?"

"ಭಾಳ ಸಿಟ್ಟು ಬಂದೈತಂತೆ."

"ಮತ್ತೆ ಕೈ ಯಾಕೆ ಹಿಡ್ಕೊಂಡಿದಾರೆ?"

"ಗೊತ್ತಿಲ್ಲ ಕಣೇ," ಎಂದ ಮಂಜಪ್ಪ. "ಬಿಡ್ತಾನೇ ಇಲ್ಲ."